ಕ್ಯಾಬಿನ್ ಬಾಗಿಲಾಚೆ ಎರಡು ಪಾದ

ಎಪ್ಪತ್ತರ ದಶಕದ ಬೆಂಗಳೂರಿನ ವೈಯಾಲಿಕಾವಲ್‌ನ ಒಂದು ಬೆಳಗು. ಹೆಂಚಿನ ಮನೆಗಳ ಸಾಲಿನ ನಡುವೆ ಹೊಸದೊಂದು ತಾರಸಿ ಮನೆ ಏಳುತ್ತಿದೆ. ಅದರ ಮುಂದೆ ಕಡಪಾ ಕಲ್ಲು ಹೊತ್ತ ಲಾರಿ ನಸುಕಿನಲ್ಲೇ ಬಂದು ನಿಂತಿದೆ. ಕ್ಲೀನರ್ ಹುಡುಗ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂಬಾಗಿಲಿನ ಕೊಂಡಿ ಕಳಚಿ, ಎದುರು ಮನೆಯ ಗೇಟಿನಲ್ಲಿ ನಿಂತು ನೀರು ಕೇಳುತ್ತಿದ್ದಾನೆ. ಶಾಲೆಗೆ ಹೊರಟ ಮಕ್ಕಳು ಲಾರಿಯ ಸುತ್ತ ಒಂದು ಸುತ್ತು ಹಾಕಿ, ನಂಬರ್ ಪ್ಲೇಟಿನ ಅಕ್ಷರ ನೋಡಿ ಯಾವ ಸೀಮೆಯದೆಂದು ವಾದಕ್ಕಿಳಿದಿದ್ದಾರೆ. ಹಮಾಲರು ಒಂದೊಂದೇ ಚಪ್ಪಡಿಯನ್ನು ಬೆನ್ನಿಗೇರಿಸಿಕೊಂಡು ಇಳಿಸುತ್ತಿದ್ದಾರೆ.

ಡ್ರೈವರ್ ಮಾತ್ರ ಕಾಣುತ್ತಿಲ್ಲ. ಕಾಣುತ್ತಿರುವುದು ಅವನ ಪಾದಗಳಷ್ಟೇ. ಸೀಟಿನ ಮೇಲೆ ಅಡ್ಡ ಮಲಗಿದ್ದಾನೆ. ಕ್ಯಾಬಿನ್ನಿನ ಅಗಲ ಅವನ ಉದ್ದಕ್ಕೆ ಸಾಲದೆ ಕಾಲು ಬಾಗಿಲಿನಿಂದಾಚೆ ಚಾಚಿಕೊಂಡಿದೆ. ಹಿಮ್ಮಡಿ ಒಡೆದಿದೆ, ಡೀಸೆಲ್ಲಿನ ಕಪ್ಪು ಆ ಬಿರುಕುಗಳೊಳಗೆ ಇಳಿದಿದೆ.

ನಮ್ಮ ಬಡಾವಣೆಗಳು ಆ ಮನುಷ್ಯನನ್ನು ಕಂಡದ್ದೇ ಹೀಗೆ, ಮಲಗಿದವನಾಗಿ. ಊರೆಲ್ಲ ಎದ್ದು ಕೆಲಸಕ್ಕೆ ಹೊರಟ ಹೊತ್ತಿನಲ್ಲಿ ಅವನು ಯಾಕೆ ಮಲಗಿದ್ದ ಎಂದು ಕೇಳಿದವರು ಕಡಿಮೆ. ಅವನ ಬದುಕು ಹೇಗಿತ್ತೆಂದು ತಿಳಿಯಲು ಅಲ್ಲಿಂದಲೇ ಶುರುಮಾಡಬೇಕು.

ಅಡುಗೆಮನೆಗೆ ಬಂದ ದಾರಿ

ಆ ಬೀದಿಯ ಯಾವುದೇ ಅಡುಗೆಮನೆಯನ್ನು ನೋಡಿ. ಡಬ್ಬಿಯಲ್ಲಿ ಕಲಬುರಗಿಯ ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ತಿಪಟೂರಿನ ಕೊಬ್ಬರಿ, ಮಂಡ್ಯದ ಬೆಲ್ಲ, ಚಿಕ್ಕಮಗಳೂರಿನ ಕಾಫಿ ಬೀಜ. ಕಟ್ಟೆಯ ಮೇಲಿನ ಕಲ್ಲು ಕಡಪಾದ್ದು, ಮಾಡಿನ ಹೆಂಚು ಮಂಗಳೂರಿನದು. ಚಾಮರಾಜಪೇಟೆ ಪಕ್ಕದ ನ್ಯೂ ತರಗುಪೇಟೆಯ ಮಂಡಿಗಳಿಗೆ ಮೂಟೆ ಬಂದು ಬೀಳುತ್ತಿತ್ತು, ಅಲ್ಲಿಂದ ಮಲ್ಲೇಶ್ವರದ ಅಂಗಡಿಗೆ, ಅಂಗಡಿಯಿಂದ ಕೈಚೀಲಕ್ಕೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಈ ಕೆಲಸ ಬಹುಪಾಲು ರೈಲಿನದಾಗಿತ್ತು. 1950–51ರಲ್ಲಿ ದೇಶದ ಸರಕು ಸಾಗಣೆಯಲ್ಲಿ ನೂರಕ್ಕೆ ಸುಮಾರು 89 ಭಾಗ ರೈಲಿನ ಪಾಲು. ಮುಂದಿನ ದಶಕಗಳಲ್ಲಿ ಅದು ತಲೆಕೆಳಗಾಯಿತು. ನಮ್ಮ ಕಡೆ ಅದಕ್ಕೊಂದು ವಿಶೇಷ ಕಾರಣವೂ ಇತ್ತು. ಮದ್ರಾಸಿನಿಂದ ಬೆಂಗಳೂರಿಗೆ ಬರುವ ಹಳಿ ಬ್ರಾಡ್‌ಗೇಜ್, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವುದು 1990ರ ದಶಕದವರೆಗೂ ಮೀಟರ್‌ಗೇಜ್. ಹಳಿಯ ಅಗಲ ಬದಲಾದ ಕಡೆ ಮಾಲನ್ನೆಲ್ಲ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಇಳಿಸುವಾಗ ಮೂಟೆ ಹರಿಯುತ್ತದೆ, ಹೆಂಚು ಒಡೆಯುತ್ತದೆ, ದಿನಗಳು ಕಳೆಯುತ್ತವೆ. ಲಾರಿಯಾದರೆ ಮಂಡಿಯ ಬಾಗಿಲಲ್ಲಿ ತುಂಬಿದ್ದನ್ನು ಇನ್ನೊಂದು ಮಂಡಿಯ ಬಾಗಿಲಲ್ಲೇ ಇಳಿಸುತ್ತದೆ.

ಹೀಗೆ ಕಲಾಸಿಪಾಳ್ಯ, ನ್ಯೂ ತರಗುಪೇಟೆ, ಯಶವಂತಪುರಗಳಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸುಗಳು ಎದ್ದವು. ಜೆ.ಸಿ. ರಸ್ತೆ ಬಿಡಿಭಾಗಗಳ ಪೇಟೆಯಾಯಿತು. ಉತ್ತರ ಕರ್ನಾಟಕದಲ್ಲಿ ಗದುಗಿನ ಮುದ್ರಣ ಮನೆತನವೊಂದರ ಯುವಕ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಣೆ ಶುರುಮಾಡಿದರು. ನಿಘಂಟು ಅಚ್ಚುಹಾಕುತ್ತಿದ್ದ ಮನೆಯಿಂದ ಬಂದ ಅವರ ವಿಆರ್‌ಎಲ್ ಮುಂದೆ ಹುಬ್ಬಳ್ಳಿಯಲ್ಲಿ ನೆಲೆನಿಂತು ಎಷ್ಟು ಬೆಳೆಯಿತೆಂಬುದು ಎಲ್ಲರಿಗೂ ಗೊತ್ತು. ಆದರೆ ಆ ಕಾಲದ ಬಹುಪಾಲು ಲಾರಿಗಳ ಮಾಲೀಕರ ಹತ್ತಿರ ಇದ್ದದ್ದು ಒಂದು, ಹೆಚ್ಚೆಂದರೆ ಎರಡು ಗಾಡಿ. ಇದನ್ನು ನೆನಪಿಟ್ಟುಕೊಳ್ಳಿ, ಡ್ರೈವರನ ನಿದ್ದೆಗೂ ಇದಕ್ಕೂ ನಂಟಿದೆ.

ಗಾಡಿ ಎಂದರೆ ಚಾಸಿ

ಇಂದಿನ ಲಾರಿ ಕಾರ್ಖಾನೆಯಿಂದ ಕ್ಯಾಬಿನ್ ಸಮೇತ ಬರುತ್ತದೆ. ಅಂದು ಮಾಲೀಕ ಕೊಳ್ಳುತ್ತಿದ್ದದ್ದು ಚಾಸಿ ಮಾತ್ರ. ಉದ್ದನೆಯ ಕಬ್ಬಿಣದ ಚೌಕಟ್ಟು, ಎಂಜಿನ್, ಚಕ್ರ, ಸ್ಟೇರಿಂಗ್, ಅಷ್ಟೇ. ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಕೈಜೋಡಿಸಿ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಕೆಗೆ ಇಳಿಯಿತು. ಆ ಒಪ್ಪಂದ 1969ಕ್ಕೆ ಮುಗಿದರೂ ನಮ್ಮ ಜನರ ಬಾಯಲ್ಲಿ ಅದು ಬಹುಕಾಲ 'ಬೆಂಜ್ ಲಾರಿ'ಯಾಗಿಯೇ ಉಳಿಯಿತು. ಮದ್ರಾಸಿನ ಎಣ್ಣೂರಿನಿಂದ ಅಶೋಕ್ ಲೇಲ್ಯಾಂಡ್ ಬರುತ್ತಿತ್ತು. 1980ರಲ್ಲಿ ಪಕ್ಕದ ಹೊಸೂರಿನಲ್ಲೇ ಅದರ ಕಾರ್ಖಾನೆ ಶುರುವಾಯಿತು.

ಆ ಚಾಸಿಗಳನ್ನು ಓಡಿಸಿಕೊಂಡೇ ತರಬೇಕಿತ್ತು. ಜಮ್‌ಷೆಡ್‌ಪುರದಿಂದ ಬೆಂಗಳೂರಿಗೆ ಸುಮಾರು 1,800 ಕಿ.ಮೀ. ತಲೆಯ ಮೇಲೆ ಸೂರಿಲ್ಲ, ಮುಂದೆ ಗಾಜಿಲ್ಲ, ಬೆನ್ನಿಗೆ ಒರಗಿಲ್ಲ. ಚೌಕಟ್ಟಿಗೆ ಬಿಗಿದ ಹಲಗೆಯ ಮೇಲೆ ಕೂತು, ಮುಖಕ್ಕೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಏರಿಸಿಕೊಂಡು ಬಿಸಿಲು, ಮಳೆ, ಎದುರು ಗಾಡಿಯ ಧೂಳನ್ನೆಲ್ಲ ನುಂಗುತ್ತ ಬರುತ್ತಿದ್ದರು. ಹೊಸೂರು ರಸ್ತೆಯಲ್ಲಿ ಇಂಥ ಚಾಸಿಗಳು ಸಾಲಾಗಿ ಹೋಗುವುದನ್ನು ಕಂಡವರು ಇಂದಿಗೂ ಇದ್ದಾರೆ.

ಊರು ತಲುಪಿದ ಮೇಲೆ ಬಾಡಿ ಕಟ್ಟುವವರ ಶೆಡ್ಡಿಗೆ. ಬಡಗಿ ಮರದ ಚೌಕಟ್ಟು ಹಾಕುತ್ತಿದ್ದ, ತಗಡಿನವನು ತಗಡು ಬಡಿಯುತ್ತಿದ್ದ, ಪೇಂಟರ್ ಹಣೆಯ ಮೇಲೆ ಮನೆದೇವರ ಹೆಸರು, ಬೆನ್ನ ಮೇಲೆ 'ಸೌಂಡ್ ಹಾರ್ನ್ ಪ್ಲೀಸ್', ಬಾಗಿಲಿಗೆ ಹೂಬಳ್ಳಿ ಬರೆಯುತ್ತಿದ್ದ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ, ಬೂದುಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟರೆ ಅದು ಮನೆಯ ಒಂದು ಜೀವವೇ. ಆದರೆ ಈ ಚಂದದ ಕ್ಯಾಬಿನ್ ಮನುಷ್ಯನ ಮೈಯನ್ನು ಲೆಕ್ಕಕ್ಕಿಟ್ಟು ಕಟ್ಟಿದ್ದಲ್ಲ. ಎಂಜಿನ್ನಿನ ಬಿಸಿ ನೇರ ಕಾಲಿಗೆ ಹೊಡೆಯುತ್ತಿತ್ತು. ಪವರ್ ಸ್ಟೇರಿಂಗ್ ಇರಲಿಲ್ಲ. ತುಂಬಿದ ಗಾಡಿಯನ್ನು ತಿರುವಿನಲ್ಲಿ ತಿರುಗಿಸಲು ಭುಜದ ಬಲ ಪೂರ್ತಿ ಹಾಕಬೇಕು. ಗೇರ್ ಬದಲಿಸಲು ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು. ಹಗಲಿರುಳು ಹೀಗೆ ತುಳಿದ ಎಡ ಮೊಣಕಾಲು ಮತ್ತು ಸೊಂಟ ಮುಪ್ಪಿನಲ್ಲಿ ಏನಾಗುತ್ತವೆಂದು ಹಳೆಯ ಡ್ರೈವರುಗಳು ಮೆಟ್ಟಿಲು ಹತ್ತುವುದನ್ನು ನೋಡಿದರೆ ತಿಳಿಯುತ್ತದೆ.

'ಬರ್ಲಿ... ಬರ್ಲಿ... ಹೋಲ್ಡಾನ್!'

ಈ ಕಸುಬಿಗೆ ಶಾಲೆ ಇರಲಿಲ್ಲ, ಕ್ಲೀನರ್ ಕೆಲಸವೇ ಶಾಲೆ. ಹನ್ನೆರಡು ಹದಿನಾಲ್ಕರ ಹುಡುಗ ಮನೆಯ ಕಷ್ಟಕ್ಕೋ, ಲಾರಿಯ ಮೋಹಕ್ಕೋ ಬಂದು ಸೇರುತ್ತಿದ್ದ. ಗಾಜು ಒರೆಸುವುದು, ರೇಡಿಯೇಟರಿಗೆ ನೀರು ಹಾಕುವುದು, ಟಾರ್ಪಾಲಿಗೆ ಹಗ್ಗ ಬಿಗಿಯುವುದು, ಪಂಕ್ಚರಾದರೆ ಜಾಕಿ ಕೊಟ್ಟು ಸ್ಟೆಪ್ನಿ ಹಾಕುವುದು, ಹಿಂದೆ ನಿಂತು 'ಬರ್ಲಿ ಬರ್ಲಿ' ಎಂದು ಕೂಗಿ ಗಾಡಿಯನ್ನು ಸಂದಿಯೊಳಗೆ ಸೇರಿಸುವುದು ಅವನ ಕೆಲಸ. ಸಂಬಳ ಎನ್ನುವಂಥದ್ದು ಇರಲಿಲ್ಲ, ಊಟ ಮತ್ತು ಕೈಖರ್ಚು. 'ಅಣ್ಣ' ಎಂದೇ ಕರೆಯುತ್ತಿದ್ದ ಡ್ರೈವರನ ಬೈಗುಳವನ್ನೂ ಏಟನ್ನೂ ತಿಂದು, ಒಂದು ರಾತ್ರಿ ನಿರ್ಜನ ರಸ್ತೆಯಲ್ಲಿ ಆ ಅಣ್ಣನೇ 'ಹಿಡಿ ನೋಡೋಣ' ಎಂದು ಸ್ಟೇರಿಂಗ್ ಬಿಟ್ಟುಕೊಟ್ಟಾಗ ಅವನ ವಿದ್ಯೆ ಶುರುವಾಗುತ್ತಿತ್ತು.

ಅಡುಗೆಯೂ ಅವನದೇ. ಚಾಸಿಗೆ ಬಿಗಿದ ಪೆಟ್ಟಿಗೆಯಲ್ಲಿ ಸೀಮೆಎಣ್ಣೆ ಸ್ಟವ್, ಅಲ್ಯೂಮಿನಿಯಂ ಪಾತ್ರೆ, ಅಕ್ಕಿ, ರಾಗಿಹಿಟ್ಟು, ಹುಣಸೆಹಣ್ಣು. ಪುಣೆ ದಾಟಿದರೂ ಲಾರಿಯ ನೆರಳಿನಲ್ಲಿ ಕುದಿಯುತ್ತಿದ್ದದ್ದು ನಮ್ಮೂರ ಸಾರೇ.

ಕಾಯುವುದಕ್ಕೆ ಕೂಲಿಯಿಲ್ಲ

ಈಗ ಒಂದು ಸಣ್ಣ ಲೆಕ್ಕ. ಬೆಂಗಳೂರಿನಿಂದ ಮುಂಬೈಗೆ ಸುಮಾರು 1,000 ಕಿ.ಮೀ. ತುಂಬಿದ ಲಾರಿ ಗಂಟೆಗೆ 40 ಕಿ.ಮೀ. ಹೋದರೂ 25 ಗಂಟೆಯ ದಾರಿ. ಆದರೆ ನಮ್ಮ ಲಾರಿಗಳು ದಿನಕ್ಕೆ ಸಾಗುತ್ತಿದ್ದದ್ದು 250–300 ಕಿ.ಮೀ. ಮಾತ್ರ. ಅಂದರೆ ಮೂರು ನಾಲ್ಕು ದಿನ. ಮಿಕ್ಕ ಹೊತ್ತು ಎಲ್ಲಿ ಹೋಯಿತು?

ನಿಂತಲ್ಲಿ ಹೋಯಿತು. ಮೊದಲು ಲೋಡಿಗಾಗಿ ನಿಲ್ಲಬೇಕು. ಬ್ರೋಕರ್ ಆಫೀಸಿನ ಮುಂದೆ ಸರದಿ ಬರುವವರೆಗೆ ಒಂದು ದಿನವೋ ಎರಡು ದಿನವೋ. ಲೋಡು ಸಿಕ್ಕಿದ ಮೇಲೆ ಹಮಾಲರಿಗಾಗಿ, ತೂಕಕ್ಕಾಗಿ, ಎಲ್‌ಆರ್ (ಲಾರಿ ರಸೀದಿ) ಚೀಟಿ ಬರೆಯುವ ಗುಮಾಸ್ತನಿಗಾಗಿ. ಊರು ದಾಟಿದರೆ ಜಕಾತಿ ನಾಕಾ. ಪಟ್ಟಣದೊಳಕ್ಕೆ ಬರುವ ಮಾಲಿನ ಮೇಲೆ ಪುರಸಭೆಗಳು ವಸೂಲಿ ಮಾಡುತ್ತಿದ್ದ ತೆರಿಗೆ ಅದು. ಆ ಊರಿನಲ್ಲಿ ಮಾಲು ಇಳಿಸದೆ ಸುಮ್ಮನೆ ಹಾದುಹೋಗುವ ಗಾಡಿಯೂ ನಿಂತು ಚೀಟಿ ಮಾಡಿಸಬೇಕು. ನಮ್ಮ ಮಾಗಡಿ ರಸ್ತೆಯ ಸುಂಕದಕಟ್ಟೆ ಹೆಸರಿನಲ್ಲೇ ಇಂಥ ವಸೂಲಿಯ ಹಳೆಯ ನೆನಪಿದೆ. ಕರ್ನಾಟಕ 1979ರಲ್ಲಿ ಈ ಜಕಾತಿಯನ್ನು (ಆಕ್ಟ್ರಾಯ್) ತೆಗೆದುಹಾಕಿ ಅದರ ಬದಲು ಪ್ರವೇಶ ತೆರಿಗೆ ತಂದಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಮಾತ್ರ ಅದು ಬಹುಕಾಲ ಮುಂದುವರಿಯಿತು, ಮುಂಬೈಯಲ್ಲಿ 2017ರವರೆಗೂ ಇತ್ತು.

ಗಡಿಯಲ್ಲಿ ಇನ್ನೊಂದು ನಿಲುಗಡೆ. ನಿಪ್ಪಾಣಿಯಾಚೆಯ ಕೋಗನೊಳ್ಳಿ, ತಮಿಳುನಾಡಿನ ದಿಕ್ಕಿಗೆ ಅತ್ತಿಬೆಲೆ. 1939ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದ ಪರ್ಮಿಟ್ ಇನ್ನೊಂದರಲ್ಲಿ ನಡೆಯಬೇಕಾದರೆ ಅಲ್ಲಿಯ ಪ್ರಾಧಿಕಾರದ ಮೇಲುರುಜು ಬೇಕಿತ್ತು. 1975ರಲ್ಲಿ ರಾಷ್ಟ್ರೀಯ ಪರ್ಮಿಟ್ ಯೋಜನೆ ಬಂದು ಕೆಲವು ಗಾಡಿಗಳಿಗೆ ದಾರಿ ಸಲೀಸಾಯಿತು. ಆದರೂ ಆರ್‌ಸಿ, ಎಫ್‌ಸಿ, ತೆರಿಗೆ ರಸೀದಿ, ವಿಮೆ, ಲೈಸೆನ್ಸ್, ಮಾಲಿನ ಬಿಲ್ಲು, ಎಲ್‌ಆರ್ ಎಲ್ಲವನ್ನೂ ರೆಕ್ಸಿನ್ ಚೀಲದಲ್ಲಿ ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುವುದು ತಪ್ಪಲಿಲ್ಲ. ಆ ಚೀಲವನ್ನು ತಲೆದಿಂಬಿನ ಕೆಳಗಿಟ್ಟೇ ಮಲಗುತ್ತಿದ್ದರು. ಬಹಳಷ್ಟು ಡ್ರೈವರುಗಳಿಗೆ ಅದರೊಳಗಿನ ಕಾಗದ ಓದಲು ಬರುತ್ತಿರಲಿಲ್ಲ. ಯಾವ ಬಣ್ಣದ ಕಾಗದ ಯಾವ ಕಿಟಕಿಗೆ ಎಂಬುದನ್ನು ಬಣ್ಣದಿಂದಲೇ ನೆನಪಿಟ್ಟುಕೊಂಡಿರುತ್ತಿದ್ದರು.

ಮುಂಬೈ ತಲುಪಿದ ಮೇಲೆ ಮತ್ತೆ ರಿಟರ್ನ್ ಲೋಡಿಗೆ ಕಾಯುವುದು. ಖಾಲಿ ಗಾಡಿ ತಂದರೆ ಮಾಲೀಕನಿಗೆ ನಷ್ಟ. ನಾಲ್ಕು ಕಿ.ಮೀ.ಗೆ ಒಂದು ಲೀಟರ್ ಕುಡಿಯುವ ಗಾಡಿಯದು. ವಡಾಳದ ಲಾರಿ ನಿಲ್ದಾಣದಲ್ಲಿ ಗಾಡಿಯ ಕೆಳಗೆ ಚಾಪೆ ಹಾಸಿಕೊಂಡು ದಿನಗಟ್ಟಲೆ.

ಹೀಗೆ ಕಾದ ಹೊತ್ತಿಗೆ ದುಡ್ಡು ಕೊಡುವವರು ಯಾರು? ಯಾರೂ ಇಲ್ಲ. ಕೂಲಿ ಟ್ರಿಪ್ಪಿನ ಲೆಕ್ಕದಲ್ಲಿತ್ತು. ಸಣ್ಣದೊಂದು ಸಂಬಳ, ಮೇಲೆ ಟ್ರಿಪ್ಪಿಗಿಷ್ಟು ಬತ್ತ, ಅಂದರೆ ಭತ್ಯೆ. ನಿಂತ ಗಾಡಿಯ ಡ್ರೈವರ್ ತನ್ನ ಬತ್ತವನ್ನು ತಾನೇ ತಿಂದು ಕೂರುತ್ತಿದ್ದ. ಮಂಡಿಯವನು ಮಾಲು ತಡವಾಯಿತೆಂದು ಬಾಡಿಗೆಯಲ್ಲಿ ಮುರಿದುಕೊಂಡರೆ ಅದು ಕಡೆಗೆ ಇವನ ತಲೆಗೇ ಬರುತ್ತಿತ್ತು. ಹಗಲು ನಾಕಾದಲ್ಲಿ ಕಳೆದ ಆರು ಗಂಟೆಯನ್ನು ರಾತ್ರಿ ಓಡಿಸಿ ತೀರಿಸಬೇಕು. ಕಡಪಾ ಕಲ್ಲಿನ ಲಾರಿಯ ಡ್ರೈವರ್ ಬೆಳಗ್ಗೆ ಎಂಟಕ್ಕೆ ಮಲಗಿದ್ದು ಇದಕ್ಕೇ.

ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು ಎಂದೂ ಇತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದು ಲಾರಿಯ ಮಾಲೀಕನ ಹತ್ತಿರ ಐದು ಜನ ಎಲ್ಲಿಂದ ಬರಬೇಕು? ದೇಶದ ರಸ್ತೆಯ ಮೇಲೆ ಅತಿ ಹೆಚ್ಚು ಹೊತ್ತು ದುಡಿಯುತ್ತಿದ್ದವನೇ ಆ ಕಾಯ್ದೆಯ ಹೊರಗೆ ಉಳಿದ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಅತ್ಯಂತ ದೊಡ್ಡ ಅನ್ಯಾಯ ಇದೇ. ರಾಷ್ಟ್ರೀಯ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರುಗಳಿರಬೇಕು, ಒಬ್ಬ ಕಾಲುಚಾಚಿ ಮಲಗಲು ಹಿಂದೆ ಸೀಟಿರಬೇಕು ಎಂಬ ನಿಯಮ 1989ರ ಕೇಂದ್ರ ನಿಯಮಾವಳಿಯಲ್ಲಿತ್ತು. ಎಷ್ಟೋ ಗಾಡಿಗಳಲ್ಲಿ ಆ ಎರಡನೆಯ ಡ್ರೈವರ್ ಕಾಗದದಲ್ಲಿ ಮಾತ್ರ ಇರುತ್ತಿದ್ದ. 2018ರಲ್ಲಿ ಇಬ್ಬರು ಡ್ರೈವರುಗಳ ನಿಯಮವನ್ನೇ ಕೈಬಿಟ್ಟರು.

ಘಾಟಿ ಇಳಿಯುವ ರಾತ್ರಿ

ಕರಾವಳಿಯ ಲೋಡು ಹಿಡಿದವರ ಪಾಲಿಗೆ ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ತುಳಿಯುತ್ತ ಹೋದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಇಲ್ಲ. ಆದ್ದರಿಂದ 'ಹತ್ತಿದ ಗೇರಿನಲ್ಲೇ ಇಳಿ' ಎಂಬುದು ಹಳಬರ ಪಾಠ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಆದರೆ ಡೀಸೆಲ್ ಉಳಿಸಿದರೆ ನಾಲ್ಕು ಕಾಸು ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಟ್ಟುಕೊಂಡು ಇಳಿದವರೂ ಇದ್ದರು. ಅವರಲ್ಲಿ ಎಷ್ಟೋ ಮಂದಿ ಕಣಿವೆಯಲ್ಲಿ ಉಳಿದರು.

ಏರಿನಲ್ಲಿ ಗಾಡಿ ಕೆಟ್ಟು ನಿಂತರೆ ಕ್ಲೀನರ್ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು, ಕ್ಷಣ ತಡವಾದರೂ ಗಾಡಿ ಹಿಂದಕ್ಕೆ ಜಾರುತ್ತದೆ. ಹೊರಡುವಾಗ ಆ ಕಲ್ಲನ್ನು ಪಕ್ಕಕ್ಕೆ ಸರಿಸದೆ ಹೋದವರಿಂದ ಹಿಂದೆ ಬಂದ ಬೈಕಿನವರ ಜೀವ ಹೋದದ್ದೂ ಇದೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸಕಲೇಶಪುರದಿಂದಲೇ ಲಾರಿಗಳ ಸಾಲು. ಕಾಂಕ್ರೀಟ್ ಹಾಕಲು ಶಿರಾಡಿಯನ್ನು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿದ್ದು ಎಲ್ಲರಿಗೂ ನೆನಪಿರಬಹುದು. ಅಷ್ಟೂ ದಿನ ಲಾರಿಯವರು ಸುತ್ತುದಾರಿ ಹಿಡಿದರು.

ಮನೆಯಲ್ಲಿ

ಡ್ರೈವರನ ಹೆಂಡತಿಗೆ ಗೊತ್ತಿರುತ್ತಿದ್ದದ್ದು ಎರಡೇ ಸಂಗತಿ: ಯಾವತ್ತು ಹೊರಟ, ಯಾವ ಊರಿನ ಲೋಡು. ಟ್ರಂಕ್ ಕಾಲ್ ದುಬಾರಿ, ಮಾಡಿದರೂ ಬೀದಿಯಲ್ಲಿ ಫೋನಿರುವ ಮನೆ ಒಂದೋ ಎರಡೋ. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಎಂಬತ್ತರ ದಶಕದ ಕೊನೆಯಲ್ಲಷ್ಟೇ ಹೆದ್ದಾರಿಯ ಪಕ್ಕ ತಲೆಯೆತ್ತಿದವು. ಅಲ್ಲಿಯವರೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನ ಬೆಂಚಿನ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು 'ಗಾಡಿ ಎಲ್ಲಿದೆ ಸಾರ್?' ಎಂದು ಕೇಳುವುದೇ ದಾರಿ. ಅದೇ ದಾರಿಯಲ್ಲಿ ಹಿಂದಿರುಗಿದ ಇನ್ನೊಬ್ಬ ಡ್ರೈವರ್ 'ಕೊಲ್ಲಾಪುರದಲ್ಲಿ ನೋಡಿದೆ ಅಕ್ಕ, ಚೆನ್ನಾಗಿದ್ದಾನೆ' ಎಂದರೆ ಆ ವಾರ ನಿದ್ದೆ ಬರುತ್ತಿತ್ತು. ಲಾರಿಯವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದವರು ಇದ್ದರು. ಬಾಡಿಗೆ ಮನೆ ಕೊಡಲೂ.

ಅಪಘಾತವಾದರೆ ತಪ್ಪು ಯಾರದಾದರೂ ದೊಡ್ಡ ಗಾಡಿಯವನದೇ ಎಂಬುದು ರಸ್ತೆಯ ತೀರ್ಪು. ಸುತ್ತ ಸೇರಿದ ಜನ ಬಡಿದು ಸಾಯಿಸುತ್ತಾರೆಂಬ ಭಯಕ್ಕೆ ಡ್ರೈವರ್ ಗಾಡಿ ಬಿಟ್ಟು ಓಡುತ್ತಿದ್ದ. ಓಡಿದ್ದೇ ಅವನ ಅಪರಾಧಕ್ಕೆ ಸಾಕ್ಷಿಯಾಗುತ್ತಿತ್ತು. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಲಾರಿಗಳು ನಿಂತದ್ದು ಈ ಭಯದಿಂದಲೇ. ಅಪಘಾತ ಮಾಡಿ ತಿಳಿಸದೆ ಹೋದವರಿಗೆ 10 ವರ್ಷದವರೆಗೆ ಸೆರೆಮನೆ ಎಂದ ಹೊಸ ನ್ಯಾಯ ಸಂಹಿತೆಯ 106(2)ನೇ ಕಲಮಿನ ವಿರುದ್ಧ ಅವರು ಎದ್ದರು, ಆ ಕಲಮು ಜಾರಿಯಾಗದೆ ಉಳಿಯಿತು.

ತೊಂಬತ್ತರ ದಶಕದಲ್ಲಿ ಎಚ್‌ಐವಿ ಹರಡಿದಾಗ ಊರಿನ ಬೆರಳು ಮತ್ತೆ ಇವರ ಕಡೆಗೇ ತಿರುಗಿತು. ತಿಂಗಳುಗಟ್ಟಲೆ ಮನೆಯಿಂದ ದೂರ, ಕೈಯಲ್ಲಿ ಅಷ್ಟಿಷ್ಟು ಕಾಸು, ಹತ್ತಿರದಲ್ಲಿ ವೈದ್ಯರಿಲ್ಲ. ಸೋಂಕು ಹೆದ್ದಾರಿ ಹಿಡಿದದ್ದು ನಿಜ, ಅದು ಮನೆಯಲ್ಲಿದ್ದ ಹೆಂಡತಿಯರವರೆಗೂ ಬಂದದ್ದು ಇನ್ನೂ ದೊಡ್ಡ ನೋವು. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ 2003ರಲ್ಲಿ ಶುರುವಾದ 'ಆವಾಹನ್' ಕಾರ್ಯಕ್ರಮ ಮಾಡಿದ ಒಳ್ಳೆಯ ಕೆಲಸವೆಂದರೆ, ಡ್ರೈವರುಗಳನ್ನು ಆಸ್ಪತ್ರೆಗೆ ಬನ್ನಿ ಎಂದು ಕರೆಯುವ ಬದಲು ಅವರು ಲೋಡಿಗೆ ಕಾಯುವ ಕಡೆಗೇ 'ಖುಷಿ' ಕ್ಲಿನಿಕ್ಕುಗಳನ್ನು ಒಯ್ದದ್ದು. ಅವರ ದಿನ ಎಲ್ಲಿ ಕಳೆಯುತ್ತದೆಂದು ಅರಿತು ರೂಪಿಸಿದ ಯೋಜನೆಗಳು ಅದಕ್ಕೂ ಮುಂಚೆ ಬಹಳ ಅಪರೂಪ.

ಹೋದದ್ದು, ಉಳಿದದ್ದು

1999ರಲ್ಲಿ ಅಡಿಗಲ್ಲು ಬಿದ್ದ ಸುವರ್ಣ ಚತುಷ್ಪಥ ಹೆದ್ದಾರಿ ಯೋಜನೆಯಿಂದ ಬೆಂಗಳೂರು–ಪುಣೆ ರಸ್ತೆ ಅಗಲವಾಯಿತು. 2010ರಲ್ಲಿ ರಾಷ್ಟ್ರೀಯ ಪರ್ಮಿಟ್ ಇಡೀ ದೇಶಕ್ಕೆ ಒಂದೇ ಶುಲ್ಕದ್ದಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ತಪಾಸಣೆ ಕಟ್ಟೆಗಳು ತೆರವಾದವು. ಮರುವರ್ಷದ ಏಪ್ರಿಲ್‌ನಲ್ಲಿ ಇ-ವೇ ಬಿಲ್, 2021ರ ಫೆಬ್ರುವರಿಯಿಂದ ಟೋಲ್‌ನಲ್ಲಿ ಫಾಸ್ಟ್ಯಾಗ್ ಕಡ್ಡಾಯ. ರೆಕ್ಸಿನ್ ಚೀಲ ಮೊಬೈಲಿನೊಳಗೆ ಸೇರಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕೆಂಬ ನಿಯಮ ಬಂದಿದೆ. ಚಾಸಿಯ ಹಲಗೆಯ ಮೇಲೆ ಕೂತು ಜಮ್‌ಷೆಡ್‌ಪುರದಿಂದ ಬಂದವರಿಗೆ ಇದನ್ನು ಹೇಳಬೇಕೆನ್ನಿಸುತ್ತದೆ.

ನಗರದ ಬಾಗಿಲಲ್ಲಿ ನಿಲ್ಲುವುದು ಮಾತ್ರ ಹೋಗಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಭಾರಿ ಲಾರಿಗಳಿಗೆ ಬೆಂಗಳೂರಿನೊಳಗೆ ಪ್ರವೇಶವಿಲ್ಲ. ನೆಲಮಂಗಲದ ಕಡೆಯಿಂದ ಬಂದವರು ತುಮಕೂರು ರಸ್ತೆಯ ಅಂಚಿನಲ್ಲೋ, ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್‌ನಲ್ಲೋ ರಾತ್ರಿಗಾಗಿ ಕಾಯುತ್ತಾರೆ. ವೈಯಾಲಿಕಾವಲ್‌ನ ನಮಗೆ ನಡುರಾತ್ರಿ ಸ್ಯಾಂಕಿ ರಸ್ತೆಯ ಕಡೆಯಿಂದ ಕೇಳುವ ಆ ಗುಡುಗು ಅವರದೇ.

ದಾರಿಯ ಅಪಾಯವೂ ಹೋಗಿಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣಿನಡಿ ಹೋದದ್ದು ಲಾರಿಯವರು ಚಹಾ ಕುಡಿದು ದಣಿವಾರಿಸಿಕೊಳ್ಳುತ್ತಿದ್ದ ಜಾಗ. ಮರದ ದಿಮ್ಮಿ ಹೊತ್ತು ಹೊರಟಿದ್ದ ಕೇರಳದ ಡ್ರೈವರೊಬ್ಬರಿಗಾಗಿ ಮನೆಯವರು 71 ದಿನ ಕಾದರು. ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಲಾರಿಯನ್ನು ಎತ್ತಿದಾಗ ಅವರು ಕ್ಯಾಬಿನ್ನಿನೊಳಗೇ ಇದ್ದರು.

ಕಾಯುವುದು ಕಾಡಿನ ಅಂಚಿನಲ್ಲೂ ಉಂಟು. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚುತ್ತದೆ. ಚಕ್ರದಡಿ ಸಾಯುತ್ತಿದ್ದ ಪ್ರಾಣಿಗಳಿಗೆ ಆ 9 ಗಂಟೆ ಸಿಕ್ಕಿದ್ದು ನ್ಯಾಯವೇ. ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟಿನ ಮುಂದೆ ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಯಾರೋ ಸ್ಟವ್ ಹಚ್ಚುತ್ತಾರೆ. ಇನ್ಯಾರೋ ವಿಡಿಯೊ ಕಾಲ್‌ನಲ್ಲಿ ಮಗಳಿಗೆ ಕಾಡಿನ ಕತ್ತಲೆ ತೋರಿಸುತ್ತಾರೆ. ಆಮೇಲೆ ಒಂದೊಂದೇ ದೀಪ ಆರುತ್ತದೆ, ಬಾಗಿಲುಗಳಾಚೆ ಪಾದಗಳು ಚಾಚಿಕೊಳ್ಳುತ್ತವೆ. ಬೆಳಗ್ಗೆ ಆರಕ್ಕೆ ಗೇಟಿನ ಸರಪಳಿಯ ಸದ್ದಾಗುವ ಮುಂಚೆಯೇ ಎದ್ದು ಮುಖಕ್ಕೆ ನೀರು ಹಾಕಿಕೊಂಡಿರುತ್ತಾರೆ.